ಕೀಮೋ ಜಿಲ್ಲಾಸ್ಪತ್ರೆಗೆ ಬಂತು, ಉಳಿದ ಚಿಕಿತ್ಸೆ ಎಲ್ಲಿ?

"ಜಿಲ್ಲಾ ದವಾಖಾನ್ಯಾಗ ಕೀಮೋ ಕೊಡ್ತಾರಂತ. ಹಂಗಾರ ಇನ್ನ ಹುಬ್ಬಳ್ಳಿಗೆ ಹೋಗೂದು ಬ್ಯಾಡೇನು?"

ಗದಗ, ಹಾವೇರಿ ಕಡೆ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಇದ್ದರೆ ಈ ಪ್ರಶ್ನೆ ಏಳುವುದು ಸಹಜ. 2025ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ ಮಂಡಿಸಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, 3 ವರ್ಷದಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುತ್ತೇವೆ, ಮೊದಲ ವರ್ಷವೇ 200 ಎಂದರು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಶುರು ಮಾಡಿತು. ಎರಡೂ ಒಳ್ಳೆಯ ಸುದ್ದಿಯೇ. ಆದರೆ 'ಕ್ಯಾನ್ಸರ್ ಕೇಂದ್ರ' ಎಂಬ ಹೆಸರು ಕೇಳಿದವರಿಗೆ ಪೂರ್ತಿ ಆಸ್ಪತ್ರೆಯೇ ಬಂದಂತೆ ಅನಿಸುತ್ತದೆ. ಬಂದಿರುವುದು ಅದರ ಒಂದು ಭಾಗ. ಯಾವ ಭಾಗ ಹತ್ತಿರ ಬಂತು, ಯಾವುದು ದೂರವೇ ಉಳಿಯಿತು ಎಂದು ತಿಳಿಯದಿದ್ದರೆ ನಷ್ಟ ಆಗುವುದು ರೋಗಿಗೇ.

ಡೇ ಕೇರ್ ಅಂದರೆ

ಬೆಳಿಗ್ಗೆ ಬಂದು, ಕೀಮೋ ತೆಗೆದುಕೊಂಡು, ಸಂಜೆ ಮನೆಗೆ ಹೋಗುವ ವ್ಯವಸ್ಥೆ. ಕೇಳಲು ಸರಳ. ಒಳಗೆ ನಡೆಯುವ ಕೆಲಸ ಅಷ್ಟು ಸರಳವಲ್ಲ.

ಮೊದಲು ರಕ್ತ ಪರೀಕ್ಷೆ. ಬಿಳಿ ರಕ್ತಕಣ ಸಾಕಷ್ಟಿವೆಯಾ, ಕಿಡ್ನಿ ಸರಿಯಾಗಿದೆಯಾ ಎಂದು ನೋಡದೆ ಔಷಧ ಏರಿಸುವಂತಿಲ್ಲ. ಎತ್ತರ, ತೂಕ ನೋಡಿ ಡೋಸ್ ಲೆಕ್ಕ ಹಾಕಬೇಕು. ಹಿಂದಿನ ಸಲಕ್ಕಿಂತ ತೂಕ ಇಳಿದಿದ್ದರೆ ಲೆಕ್ಕ ಮತ್ತೆ ಮಾಡಬೇಕು. ಆಮೇಲೆ ವಾಂತಿ ತಡೆಯುವ ಇಂಜೆಕ್ಷನ್. ಸಿಸ್‌ಪ್ಲಾಟಿನ್ ಕೊಡುವುದಾದರೆ ಜೊತೆಗೆ ಸಲೈನ್ ಜಾಸ್ತಿ ಬೇಕು, ಯಾಕೆಂದರೆ ಆ ಔಷಧ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸವೆಲ್ಲ ಸುಟ್ಟಂತಾಗಿ ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು. ಹಾಗಾಗಿ ಸೂಜಿ ಚುಚ್ಚಿದ ಜಾಗದ ಮೇಲೆ ನರ್ಸ್ ಕಣ್ಣಿಟ್ಟಿರಬೇಕು. ಔಷಧ ಬೆರೆಸುವವರಿಗೂ ಅದು ವಿಷವೇ. ಅದನ್ನು ಗಾಳಿ ಶುದ್ಧ ಮಾಡುವ ವಿಶೇಷ ಕ್ಯಾಬಿನೆಟ್ ಒಳಗೆ, ಕೈಗವಸು ಹಾಕಿಕೊಂಡೇ ಬೆರೆಸಬೇಕು.

ಅಂದರೆ ನಾಲ್ಕು ಮಂಚ, ನಾಲ್ಕು ಸಲೈನ್ ಸ್ಟ್ಯಾಂಡ್ ಇಟ್ಟರೆ ಕೇಂದ್ರವಾಗುವುದಿಲ್ಲ. ತರಬೇತಿ ಪಡೆದ ನರ್ಸ್, ಫಾರ್ಮಸಿಸ್ಟ್, ಅಲ್ಲೇ ಬೇಗ ಸಿಗುವ ರಕ್ತದ ರಿಪೋರ್ಟ್ ಎಲ್ಲ ಬೇಕು. ಇವು ಇದ್ದರೆ ಜಿಲ್ಲಾ ಆಸ್ಪತ್ರೆಯ ಕೀಮೋಗೂ ದೊಡ್ಡ ಆಸ್ಪತ್ರೆಯ ಕೀಮೋಗೂ ವ್ಯತ್ಯಾಸವಿಲ್ಲ. ಔಷಧವೂ ಅದೇ, ಡೋಸೂ ಅದೇ.

ಆದರೆ ಯಾವ ಔಷಧ, ಎಷ್ಟು ಸಲ, ಆಪರೇಷನ್‌ಗೆ ಮೊದಲಾ ಆಮೇಲಾ ಎಂದು ತೀರ್ಮಾನಿಸುವುದು ಬೇರೆ ಕೆಲಸ. ಅದು ನಡೆಯುವುದು ಸರ್ಜನ್, ಕೀಮೋ ವೈದ್ಯರು, ರೇಡಿಯೇಷನ್ ವೈದ್ಯರು, ಬಯಾಪ್ಸಿ (ಗಡ್ಡೆಯಿಂದ ತೆಗೆದ ಚೂರು) ನೋಡುವ ಪೆಥಾಲಜಿಸ್ಟ್ ಒಟ್ಟಿಗೆ ಕೂರುವ ಜಾಗದಲ್ಲಿ. ಈ ಭಾಗಕ್ಕೆ ಅಂಥ ಜಾಗ ಹುಬ್ಬಳ್ಳಿ-ಧಾರವಾಡ. 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಶುರುವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇಲ್ಲಿದೆ. ನವನಗರದ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ, ಖಾಸಗಿ ಕೇಂದ್ರಗಳೂ ಇವೆ. ಇನ್ನೂ ಮುಂದಕ್ಕೆ ಹೋದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಅದು 1973ರಲ್ಲಿ ಶುರುವಾದದ್ದು. ಹುಬ್ಬಳ್ಳಿಯಿಂದ ಹೆಚ್ಚೂಕಡಿಮೆ 400 ಕಿಲೋಮೀಟರ್.

ಆರು ಪ್ರಯಾಣ, ಮೂವತ್ತೈದು ಪ್ರಯಾಣ

ಗಡ್ಡೆ ಕ್ಯಾನ್ಸರ್‌ಗಳಲ್ಲಿ ಕೀಮೋ ಒಂದರಿಂದಲೇ ಕೆಲಸ ಮುಗಿಯುವುದು ಕಡಿಮೆ. ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಅಗತ್ಯ ಬಿದ್ದರೆ 6 ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಗರ್ಭಕೊರಳಿನ ಕ್ಯಾನ್ಸರ್ ಸ್ವಲ್ಪ ಬೆಳೆದಿದ್ದರೆ ಮುಖ್ಯ ಚಿಕಿತ್ಸೆಯೇ ರೇಡಿಯೇಷನ್. ಹೊರಗಿನಿಂದ ಸುಮಾರು 25 ದಿನ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಕೊಡುವ ಬ್ರೇಕಿಥೆರಪಿ. ಇಷ್ಟೂ 8 ವಾರದಲ್ಲಿ ಮುಗಿಯಬೇಕು. ಅವಧಿ ಎಳೆದಷ್ಟೂ ಫಲ ಕಡಿಮೆ, ಯಾಕೆಂದರೆ ನಡುವೆ ಬಿಡುವು ಸಿಕ್ಕರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ.

ಈಗ ದೂರದ ಲೆಕ್ಕ ಹಾಕೋಣ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಮೂರು ವಾರಕ್ಕೊಮ್ಮೆ ಕೊಡುವ ಕೀಮೋ 6 ಸಲ ಎಂದುಕೊಂಡರೆ, ಹೋಗಿ ಬರುವ ದೂರ 720 ಕಿಲೋಮೀಟರ್. ಜಿಲ್ಲಾ ಆಸ್ಪತ್ರೆಯಲ್ಲೇ ಕೊಟ್ಟರೆ ಅದು ಉಳಿಯಿತು. ವಾರಕ್ಕೊಮ್ಮೆ ಕೊಡುವ ಔಷಧವಾದರೆ ಉಳಿತಾಯ ಇನ್ನೂ ಜಾಸ್ತಿ. ಆದರೆ ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ವಾರಕ್ಕೆ 5 ದಿನದಂತೆ 30ರಿಂದ 35 ದಿನ. 35 ದಿನವೂ ಊರಿಂದ ಓಡಾಡಿದರೆ 4,200 ಕಿಲೋಮೀಟರ್. ಮುಂಡರಗಿಯವರಿಗೆ, ಹಿರೇಕೆರೂರಿನವರಿಗೆ ಇನ್ನೂ ಜಾಸ್ತಿ. ಹತ್ತಿರ ಬಂದದ್ದು ಆರು ಪ್ರಯಾಣ, ದೂರ ಉಳಿದದ್ದು ಮೂವತ್ತೈದು.

ಹಾಗಾದರೆ ರೇಡಿಯೇಷನ್ ಯಂತ್ರವನ್ನೂ ಜಿಲ್ಲೆಗೊಂದು ಹಾಕಬಹುದಲ್ವಾ? ಲೀನಿಯರ್ ಆಕ್ಸಲರೇಟರ್ ಎಂಬ ಆ ಯಂತ್ರದ ಬೆಲೆ ಕೋಟಿಗಳಲ್ಲಿದೆ. ಅದನ್ನಿಡುವ ಕೋಣೆಗೆ ಒಂದು ಮೀಟರಿಗೂ ಹೆಚ್ಚು ದಪ್ಪದ ಕಾಂಕ್ರೀಟ್ ಗೋಡೆ ಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು. ದಿನದಿನವೂ ಡೋಸ್ ಪರೀಕ್ಷಿಸುವ ಮೆಡಿಕಲ್ ಫಿಸಿಸಿಸ್ಟ್ ಬೇಕು. ಹಳೆಯ ಕೋಬಾಲ್ಟ್ ಯಂತ್ರಗಳು ಅಗ್ಗ, ಆದರೆ ಕೋಬಾಲ್ಟ್-60ರ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಯಂತ್ರದೊಳಗಿನ ಕೋಬಾಲ್ಟ್ ಬದಲಿಸದಿದ್ದರೆ ಒಬ್ಬೊಬ್ಬ ರೋಗಿಯನ್ನೂ ಯಂತ್ರದ ಕೆಳಗೆ ಹೆಚ್ಚು ಹೊತ್ತು ಮಲಗಿಸಬೇಕಾಗುತ್ತದೆ, ಸರದಿ ಉದ್ದವಾಗುತ್ತದೆ. ಯಂತ್ರ ತಂದು, ನಡೆಸುವ ಜನ ಇಲ್ಲದೆ ಸುಮ್ನೆ ಇಡುವುದಕ್ಕಿಂತ ಹುಬ್ಬಳ್ಳಿಯಂಥ ಕಡೆ ಹೆಚ್ಚು ಯಂತ್ರ, ಹೆಚ್ಚು ಪಾಳಿ ಇರುವುದೇ ಸರಿ. ಆದರೆ ಹಾಗೆ ಹೇಳಿದ ಮೇಲೆ, ರೋಗಿ ಆರೇಳು ವಾರ ಎಲ್ಲಿರಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಬಿಳಿ ಮುಖವಾಡ

ಬಾಯಿ, ಗಂಟಲಿನ ಕ್ಯಾನ್ಸರ್‌ನ ರೇಡಿಯೇಷನ್ ಶುರುವಾಗುವ ಮೊದಲು ಒಂದು ಕೆಲಸ ಮಾಡುತ್ತಾರೆ. ತೂತು ತೂತಾದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಅದ್ದುತ್ತಾರೆ. ಅದು ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಮಲಗಿದ ರೋಗಿಯ ಮುಖದ ಮೇಲೆ ಎಳೆದು, ಮೂಗು, ಗಲ್ಲ, ಗದ್ದದ ಸುತ್ತ ಕೈಯಿಂದ ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಆರಿ ಗಟ್ಟಿಯಾಗುತ್ತದೆ. ಅದು ಆ ಒಬ್ಬ ರೋಗಿಯ ಮುಖದ ಅಚ್ಚು. ಬೇರೆ ಯಾರಿಗೂ ಕೂರುವುದಿಲ್ಲ. ಗುರುತುಗಳನ್ನು ಅದರ ಮೇಲೇ ಹಾಕುತ್ತಾರೆ. ದಿನವೂ ಅದೇ ಮುಖವಾಡ ಹಾಕಿ ಟೇಬಲ್‌ಗೆ ಬಿಗಿದು ರೇಡಿಯೇಷನ್ ಕೊಡುತ್ತಾರೆ. ತಲೆ ಸ್ವಲ್ಪ ಅಲುಗಿದರೂ ಕಿರಣ ಬೀಳುವ ಜಾಗ ತಪ್ಪುತ್ತದೆ.

ಮೂರನೇ ವಾರದ ಹೊತ್ತಿಗೆ ಬಾಯಲ್ಲಿ ಹುಣ್ಣು ಶುರು. ಎಂಜಲು ಒಣಗುತ್ತದೆ, ರುಚಿ ಹೋಗುತ್ತದೆ. ಜೋಳದ ರೊಟ್ಟಿ ಅಗಿಯಲು ಆಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರು ಬಾಯಿಗಿಟ್ಟರೆ ಉರಿ. ಎರಡು ಹೊತ್ತು ರೊಟ್ಟಿ ತಿಂದು ಬೆಳೆದ ಮನುಷ್ಯನಿಗೆ ಗಂಜಿ, ನುಚ್ಚು, ಮಜ್ಜಿಗೆ ಅಷ್ಟೇ ಇಳಿಯುತ್ತದೆ. ತೂಕ ಇಳಿಯುತ್ತದೆ. ತೂಕ ಇಳಿದರೆ ಮುಖ ಸಣ್ಣಗಾಗಿ ಮುಖವಾಡ ಸಡಿಲವಾಗುತ್ತದೆ. ಸಡಿಲವಾದರೆ ಹೊಸ ಅಚ್ಚು, ಕೆಲವೊಮ್ಮೆ ಹೊಸ ಸ್ಕ್ಯಾನ್, ಹೊಸ ಲೆಕ್ಕ. ಅಷ್ಟರಲ್ಲಿ ದಿನ ಹೋಗುತ್ತದೆ. ಊಟದ ಸಮಸ್ಯೆ ಹೀಗೆ ಚಿಕಿತ್ಸೆಯ ಸಮಸ್ಯೆಯೇ ಆಗುತ್ತದೆ.

ರೋಗಿಗೆ ಆಸರೆ ಕೊಡುವುದನ್ನು ದಾನಧರ್ಮದ ವಿಷಯ ಎಂದು ನೋಡುವ ರೂಢಿ ನಮ್ಮಲ್ಲಿದೆ. ಮೊಟ್ಟೆ, ಹಾಲು, ಮೆತ್ತನೆಯ ಊಟ ಹೇಳಿಕೊಡುವ ಡಯಟಿಷಿಯನ್, ಬಾಯಿ ತೊಳೆಯುವುದನ್ನು ಕಲಿಸುವ ನರ್ಸ್, ಆಸ್ಪತ್ರೆ ಪಕ್ಕದಲ್ಲೊಂದು ಧರ್ಮಶಾಲೆ ಇದ್ದರೆ ರೋಗಿ 35ನೇ ದಿನದವರೆಗೆ ನಿಲ್ಲುತ್ತಾನೆ. ಇಲ್ಲದಿದ್ದರೆ ಇಪ್ಪತ್ತನೇ ದಿನಕ್ಕೆ "ಸಾಕು, ಊರಿಗೆ ಹೋಗೋಣ" ಎನ್ನುತ್ತಾನೆ. ಅರ್ಧಕ್ಕೆ ಬಿಟ್ಟ ರೇಡಿಯೇಷನ್‌ನಿಂದ ಕಷ್ಟವೆಲ್ಲ ಅನುಭವಿಸಿದ್ದಾಗುತ್ತದೆ, ಫಲ ಮಾತ್ರ ಸಿಗುವುದಿಲ್ಲ. ನನ್ನ ಮಟ್ಟಿಗೆ ಆಸ್ಪತ್ರೆಯ ಬಜೆಟ್‌ನಲ್ಲಿ ಧರ್ಮಶಾಲೆಯೂ ಯಂತ್ರದ ಪಕ್ಕದಲ್ಲೇ ಬರಬೇಕು.

ಪ್ರಯಾಣಕ್ಕೆ ಕೆಲವು ಸೌಲಭ್ಯಗಳಿವೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು 3 ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ 75. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ಸರ್ಟಿಫಿಕೇಟ್ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಗರ್ಭಕೊರಳಿನ ಕ್ಯಾನ್ಸರ್ ಇರುವ ಹೆಣ್ಣುಮಗಳು ಅಕ್ಕನನ್ನೋ ಮಗಳನ್ನೋ ಕರೆದುಕೊಂಡು ಬಂದರೆ ಬಸ್ ಖರ್ಚಿಲ್ಲ. ಗಂಡನೇ ಜೊತೆ ಬಂದರೆ ಅವನ ಟಿಕೆಟ್ ಇದೆ, ಅವನ ದಿನಗೂಲಿಯೂ ಹೋಗುತ್ತದೆ. ಕೂಲಿಯ ನಷ್ಟವನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ.

ಹತ್ತಿರವೋ, ದೊಡ್ಡದೋ

ಈ ವಿಚಾರದಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಎರಡರಲ್ಲೂ ಹುರುಳಿದೆ.

ಮೊದಲನೆಯದು: ಚಿಕಿತ್ಸೆ ಹತ್ತಿರವಿದ್ದರೆ ಜನ ಅರ್ಧಕ್ಕೆ ಬಿಡುವುದಿಲ್ಲ. ದೊಡ್ಡ ಆಸ್ಪತ್ರೆಯ ಸಾಲು ಕರಗಿ, ಕಷ್ಟದ ಕೇಸುಗಳಿಗೆ ಅಲ್ಲಿ ಸಮಯ ಸಿಗುತ್ತದೆ. ಎರಡನೆಯದು: ಕ್ಯಾನ್ಸರ್ ಆಪರೇಷನ್‌ಗಳನ್ನು ಹೆಚ್ಚು ಮಾಡುವ ಕಡೆ ಫಲಿತಾಂಶ ಚೆನ್ನಾಗಿರುತ್ತದೆ. ಪರಿಣತರನ್ನು ಚೂರು ಚೂರಾಗಿ ಹಂಚಿದರೆ ಎಲ್ಲೂ ಪೂರ್ತಿ ತಂಡ ಉಳಿಯುವುದಿಲ್ಲ. ವೈದ್ಯರೊಬ್ಬರು ವರ್ಗವಾಗಿ ಹೋದರೆ ಕೇಂದ್ರಕ್ಕೇ ಬೀಗ ಬೀಳಬಹುದು.

ಇದಕ್ಕೆ ಉತ್ತರವಾಗಿ ಬಂದದ್ದೇ 'ಹಬ್ ಮತ್ತು ಸ್ಪೋಕ್', ಚಕ್ಕಡಿ ಗಾಲಿಯ ಗುಂಬ ಮತ್ತು ಅರಗಳ ಹಾಗೆ. ದೊಡ್ಡ ಕೇಂದ್ರ ಚಿಕಿತ್ಸೆಯ ಯೋಜನೆ ಹಾಕುತ್ತದೆ, ಮೊದಲ ಕೀಮೋ ಅಲ್ಲೇ ಕೊಡುತ್ತದೆ. ಮುಂದಿನ ಸರದಿಗಳು ಜಿಲ್ಲೆಯಲ್ಲಿ. ನಡುವೆ ಸ್ಕ್ಯಾನ್ ಮಾಡಿ ರೋಗ ಕುಗ್ಗಿದೆಯಾ ಎಂದು ಮತ್ತೆ ದೊಡ್ಡ ಕೇಂದ್ರ ನೋಡುತ್ತದೆ. ಕಾಗದದ ಮೇಲೆ ಇದು ಸರಿಯಾದ ದಾರಿ. ಆದರೆ ಗಾಲಿ ಉರುಳಬೇಕಾದರೆ ಅರ ಗುಂಬಕ್ಕೆ ಗಟ್ಟಿಯಾಗಿ ಕೂತಿರಬೇಕು. ಕೀಮೋ ಕೊನೆಯ ಸರದಿ ಮುಗಿದ ದಿನ, ಆಪರೇಷನ್ ತಾರೀಖು ಹುಬ್ಬಳ್ಳಿಯಲ್ಲಿ ಮೊದಲೇ ನಿಗದಿಯಾಗಿದೆಯಾ? ಇಲ್ಲದಿದ್ದರೆ ರೋಗಿ ಮನೆಯಲ್ಲಿ ಕೂರುತ್ತಾನೆ. "ಕೀಮೋ ಮುಗೀತು, ಗಡ್ಡೆ ಸಣ್ಣದಾಯ್ತು, ಅರಾಮ ಅದೇನಿ" ಎಂದುಕೊಳ್ಳುತ್ತಾನೆ. ಎರಡು ಮೂರು ತಿಂಗಳಲ್ಲಿ ಗಡ್ಡೆ ಮತ್ತೆ ಬೆಳೆಯಬಹುದು. ಹತ್ತಿರದ ಕೇಂದ್ರದ ದೊಡ್ಡ ಅಪಾಯ ಇದೇ: ಚಿಕಿತ್ಸೆಯ ಒಂದು ಭಾಗವನ್ನೇ ಪೂರ್ತಿ ಚಿಕಿತ್ಸೆ ಎಂದುಕೊಳ್ಳುವುದು.

ಕಾರ್ಡಿನ ಲೆಕ್ಕ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರ) ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮಿತಿ. ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದಾಗ ಅಲ್ಲಿಂದ ರೆಫರಲ್ ಪತ್ರ ಪಡೆದು, ಯೋಜನೆಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಬಹುದು. ಹೊಸ ತೊಡಕು ಹುಟ್ಟಬಹುದಾದ ಜಾಗವೂ ಇದೇ. "ಕೀಮೋ ಇಲ್ಲೇ ಇದೆಯಲ್ಲ" ಎಂಬ ಕಾರಣಕ್ಕೆ ರೆಫರಲ್ ನಿಧಾನವಾದರೆ, ರೇಡಿಯೇಷನ್ ಕೂಡ ಬೇಕಾದ ರೋಗಿ ನಡುವೆ ಸಿಕ್ಕಿಕೊಳ್ಳುತ್ತಾನೆ. ರೆಫರಲ್ ಕೊಡುವಾಗ ಪೂರ್ತಿ ಯೋಜನೆ ನೋಡಬೇಕು, ಇವತ್ತಿನ ಒಂದು ಇಂಜೆಕ್ಷನ್ ಅಲ್ಲ.

ಔಷಧದ ತೆರಿಗೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಬಂತು, ಕ್ಯಾನ್ಸರ್ ಔಷಧಗಳೂ ಸೇರಿದ ಜೀವರಕ್ಷಕಗಳ ಒಂದು ಪಟ್ಟಿಗೆ ತೆರಿಗೆಯೇ ಇಲ್ಲ. ಸಹಾಯ ನಿಜ. ಆದರೆ ಲಕ್ಷ ರೂಪಾಯಿಯ ಔಷಧ ತೆರಿಗೆ ಹೋದ ಮೇಲೂ ಬಡವರ ಕೈಗೆ ಎಟಕುವುದಿಲ್ಲ. ಅದಕ್ಕೆ ದಾರಿ ಬೇರೆ ಕಡೆಯಿಂದ ಬರಬೇಕು.

ಸಂಶೋಧನೆ ಎಂದರೆ ಹೆದರಿಕೆ ಯಾಕೆ

'ಸಂಶೋಧನೆ' ಎಂದರೆ "ನಮ್ಮ ಮೇಲೆ ಪ್ರಯೋಗ ಮಾಡ್ತಾರೆ" ಎಂಬ ಭಯ ಜನರಲ್ಲಿದೆ. ಆ ಭಯಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ರೋಗಿಗಳಿಗೆ ಔಷಧ ಕೊಟ್ಟು ಪರೀಕ್ಷಿಸುವ ಅಧ್ಯಯನಕ್ಕೆ, 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲ ತಿಳಿಸಿ ಸಹಿ ಪಡೆಯಬೇಕು. ಬೇಡ ಎನಿಸಿದಾಗ ರೋಗಿ ಹೊರಬರಬಹುದು, ಹೊರಬಂದರೂ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು.

ಇಂಥ ಸಂಶೋಧನೆಯಿಂದ ನಮ್ಮಂಥ ಊರಿನವರಿಗೆ ಏನು ಸಿಕ್ಕಿದೆ? ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು, ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರ್‌ನವರಿಗೆ ನಿವೊಲುಮ್ಯಾಬ್ ಎಂಬ ದುಬಾರಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಔಷಧ) ಯನ್ನು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ವಾಡಿಕೆಯ ಡೋಸ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಅದು. ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ಇದನ್ನು ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ 43. ಬರೀ ಮಾತ್ರೆ ಪಡೆದವರಲ್ಲಿ ಶೇ 16. ಕಂಪನಿಗಳಿಗೆ ಇಂಥ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ರೋಗಿಯ ಜೇಬು ಕಂಡವರಿಗಷ್ಟೇ ಈ ಪ್ರಶ್ನೆ ಹೊಳೆಯುತ್ತದೆ.

ಇನ್ನೊಂದು ನಮ್ಮ ಪಕ್ಕದ್ದೇ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಬಾರ್ಶಿ ದೊಡ್ಡ ಊರೇನಲ್ಲ. ಯಾರಿಗೆ ಯಾವ ಕ್ಯಾನ್ಸರ್ ಎಂದು ಲೆಕ್ಕ ಇಡುವ, ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಅಲ್ಲಿ. ಅದರ ಬಲದ ಮೇಲೆ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳ 1.3 ಲಕ್ಷ ಮಹಿಳೆಯರ ಅಧ್ಯಯನ ನಡೆಯಿತು. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ಎಂಬ ವೈರಸ್‌ನ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸಾವು ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಓದಿತು. ಜೋಳ ಬೆಳೆಯುವ, ಮಳೆ ಕಡಿಮೆಯ ಆ ನೆಲ ನಮ್ಮ ರೋಣ, ನರಗುಂದಕ್ಕಿಂತ ಬೇರೆಯಲ್ಲ.

ಅಲ್ಲಿ ಆದದ್ದು ಇಲ್ಲಿ ಆಗಲು ಮೊದಲು ಬೇಕಾದದ್ದು ಲೆಕ್ಕ. ಯಾವ ತಾಲೂಕಿನಲ್ಲಿ ಯಾವ ಕ್ಯಾನ್ಸರ್, ಯಾವ ಹಂತದಲ್ಲಿ ಬಂದರು, ಎಷ್ಟು ಜನ ಚಿಕಿತ್ಸೆ ಮುಗಿಸಿದರು, ಎಷ್ಟು ಜನ ಬಿಟ್ಟು ಹೋದರು. ಜಿಲ್ಲೆಯ ಕೀಮೋ ಕೇಂದ್ರಗಳು ಇದನ್ನು ಮೊದಲ ದಿನದಿಂದಲೇ ಬರೆದಿಟ್ಟರೆ ಐದು ವರ್ಷದಲ್ಲಿ ಈ ಭಾಗದ ಚಿತ್ರ ಸಿಗುತ್ತದೆ. ದೂರವನ್ನೂ ಸಂಶೋಧನೆ ಕಡಿಮೆ ಮಾಡಬಲ್ಲದು. ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಮೊದಲು 25 ದಿನ ಕೊಡುತ್ತಿದ್ದ ರೇಡಿಯೇಷನ್, ಬ್ರಿಟನ್‌ನ ಅಧ್ಯಯನಗಳಿಂದಾಗಿ 15 ದಿನಕ್ಕೆ ಬಂತು. ಆಯ್ದ ರೋಗಿಗಳಿಗೆ 5 ದಿನವೂ ಸಾಕು ಎಂದು 2020ರಲ್ಲಿ ತಿಳಿಯಿತು. ಹಾನಗಲ್ಲಿನ ಹೆಣ್ಣುಮಗಳಿಗೆ ಇದರ ಅರ್ಥ ಸ್ಪಷ್ಟ: ಹುಬ್ಬಳ್ಳಿಯಲ್ಲಿ ಐದು ವಾರದ ಬದಲು ಮೂರು ವಾರ, ಕೆಲವರಿಗೆ ಒಂದೇ ವಾರ.

ತಡವಾಗಿ ಬಂದವರು

ಎಲ್ಲ ಕೇಂದ್ರಗಳ ಮೇಲೂ ಭಾರವಾಗಿ ಕೂತಿರುವುದು ತಡ. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಆದರೂ ಜನ ತಂಬಾಕು, ಸುಣ್ಣ, ಅಡಿಕೆ ಬಿಟ್ಟಿಲ್ಲ. ಬಾಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಎರಡು ಮೂರು ವಾರ ಮೀರಿದರೆ ತೋರಿಸಬೇಕು. "ಸೂಜಿ ಚುಚ್ಚಿದರೆ ಹರಡುತ್ತೆ" ಎಂಬ ಮಾತಿಗೆ ಹೆದರಿ ಬಯಾಪ್ಸಿ ಮುಂದೂಡುವವರು ಇನ್ನೂ ಇದ್ದಾರೆ. ಬಯಾಪ್ಸಿಯಿಂದ ರೋಗ ಜೋರಾಗುವುದಿಲ್ಲ, ಮುಂದೂಡಿದರೆ ಆಗುತ್ತದೆ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ವಿಚಾರಿಸುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಅದು ಒಳ್ಳೆಯ ಬಾಗಿಲು.

ಗುಣವಾಗದ ಹಂತದಲ್ಲಿ ಬಂದವರಿಗೂ ಜಿಲ್ಲಾ ಕೇಂದ್ರ ಬೇಕೇ ಬೇಕು. ಮಾರ್ಫಿನ್ ಮಾತ್ರೆ ಅಗ್ಗದ್ದು, ನೋವಿಗೆ ಅದರಷ್ಟು ಕೆಲಸ ಮಾಡುವುದು ಕಡಿಮೆ. 2014ರಲ್ಲಿ ಕಾನೂನು ತಿದ್ದಿ ಅದನ್ನು ಆಸ್ಪತ್ರೆಗಳು ಇಟ್ಟುಕೊಳ್ಳುವುದನ್ನು ಸುಲಭ ಮಾಡಲಾಗಿದೆ. ನೋವಿನ ಮಾತ್ರೆಗಾಗಿ ಸಾಯುವ ಹೊತ್ತಿನಲ್ಲಿ ಒಬ್ಬರು ಶಿರಹಟ್ಟಿಯಿಂದ ಹುಬ್ಬಳ್ಳಿಗೆ ಬರಬಾರದು. ಕೀಮೋ ಕೊಡುವ ಪ್ರತಿ ಕೇಂದ್ರದಲ್ಲೂ ಮಾರ್ಫಿನ್ ಇರಲಿ.

ಹತ್ತನೇ ರಾತ್ರಿಯ ಜ್ವರ

ಕೀಮೋ ಆದ 7ರಿಂದ 14 ದಿನದ ನಡುವೆ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತವೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. 100.4 ಡಿಗ್ರಿ ದಾಟಿದರೆ ತುರ್ತು. ರಕ್ತ ಪರೀಕ್ಷೆ ಮಾಡಿ, ತಡಮಾಡದೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೇ ಕೊಡಬೇಕು. ಬೆಳಗಿನವರೆಗೆ ಕಾದರೆ ಜೀವಕ್ಕೆ ಅಪಾಯ.

ಡೇ ಕೇರ್ ಕೇಂದ್ರ ಸಂಜೆ ಮುಚ್ಚುತ್ತದೆ. ಜ್ವರ ರಾತ್ರಿ ಬರುತ್ತದೆ. ರಟ್ಟಿಹಳ್ಳಿಯ ಮನೆಯವರು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬಹುದು. ತಾಲೂಕು ಆಸ್ಪತ್ರೆಗೆ ಹೋದರೆ, ಅಲ್ಲಿನ ರಾತ್ರಿ ಪಾಳಿಯ ವೈದ್ಯರಿಗೆ ಈ ರೋಗಿಗೆ ಯಾವ ಕೀಮೋ ಆಗಿದೆ, ಎಷ್ಟನೇ ದಿನ ಎಂದು ಗೊತ್ತಾಗಬೇಕು. ದೊಡ್ಡ ಕೇಂದ್ರದ ಒಂದು ಫೋನ್ ರಾತ್ರಿಯೂ ಎತ್ತುವಂತಿರಬೇಕು. ಕಟ್ಟಡಕ್ಕೆ ಹೋಲಿಸಿದರೆ ಇದಕ್ಕೆ ಖರ್ಚು ತೀರಾ ಕಡಿಮೆ. ಬೇಕಾದದ್ದು ಪ್ರತಿ ರೋಗಿಯ ತಾರೀಖು, ಸ್ಕ್ಯಾನ್, ರೆಫರಲ್, ಮುಂದಿನ ಭೇಟಿ ಎಲ್ಲ ನೆನಪಿಟ್ಟುಕೊಳ್ಳುವ ಒಬ್ಬ ಸಂಯೋಜಕಿ, ಮತ್ತು ಆ ಫೋನ್.

ಅಲ್ಲಿಯವರೆಗೆ ಮನೆಯವರೇ ಮಾಡಬಹುದಾದ ಒಂದು ಕೆಲಸವಿದೆ. ಮೊದಲ ಕೀಮೋ ದಿನ ಮನೆಗೆ ಹೊರಡುವ ಮುಂಚೆ ನರ್ಸನ್ನು ಕೇಳಿ: "ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು?" ಅವರು ಹೇಳಿದ ನಂಬರು, ಕೀಮೋ ಔಷಧದ ಹೆಸರು, ಕೊಟ್ಟ ತಾರೀಖು, ಈ ಮೂರನ್ನು ಫೈಲಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ. ಬರುವಾಗ ಮೆಡಿಕಲ್ ಶಾಪ್‌ನಲ್ಲಿ ಒಂದು ಥರ್ಮಾಮೀಟರ್ ತೆಗೆದುಕೊಳ್ಳಿ.